ಅಂಕಯ್ಯ ಮಾತ್ರೆ ಬಿಟ್ಟದ್ದು

ಗಿಲಕಿಯ ಕತ್ತಿನ ಹತ್ತಿರ ಉಳಿ ಇನ್ನೊಂದು ಕೂದಲೆಳೆಯಷ್ಟು ಇಳಿಯಬೇಕಿತ್ತು. ಅಷ್ಟರಲ್ಲಿ ಅಂಕಯ್ಯನ ತಲೆಯೊಳಗೆ ಮತ್ತೆ ಝಿಲ್ಲೆಂದಿತು. ಹಣೆಯ ಹಿಂದೆ ಹುಟ್ಟಿದ್ದು ಕಣ್ಣುಗುಡ್ಡೆ ದಾಟಿ, ತುಟಿಗಿಳಿದು, ಎಡಗೈ ಬೆರಳ ತುದಿಯಲ್ಲಿ ಆರಿಹೋಯಿತು. ಉಳಿ ಎಗರಿತು. ಲೇತಿನಲ್ಲಿ ಗಿರಗಿರ ತಿರುಗುತ್ತಿದ್ದ ಆಲೆಮರದ ತುಂಡು ಟಪ್ಪನೆ ಕತ್ತು ಮುರಿದುಕೊಂಡು ಹೋಗಿ ಗೋಡೆಗೆ ಬಡಿಯಿತು. ಬೆಳಗಿನಿಂದ ಇದು ಮೂರನೆಯದು.

ಪಕ್ಕದಲ್ಲಿ ಕೂತಿದ್ದ ಜಬ್ಬಾರ್ ತನ್ನ ಮಿಷನ್ನು ನಿಲ್ಲಿಸಿದ. ಚನ್ನಪಟ್ಟಣದ ಆ ಶೀಟಿನ ಶೆಡ್ಡಿನಲ್ಲಿ ಇಪ್ಪತ್ತೆಂಟು ವರ್ಷದಿಂದ ಇಬ್ಬರೂ ಅಕ್ಕಪಕ್ಕ ಕೂತು ಬೊಂಬೆ ಕಡೆದವರು. ಅಂಕಯ್ಯನ ಕೈಯಲ್ಲಿ ಒಂದು ತುಂಡು ಕೆಟ್ಟದ್ದನ್ನು ಜಬ್ಬಾರ್ ವರ್ಷಕ್ಕೊಮ್ಮೆ ಕಂಡಿದ್ದರೆ ಹೆಚ್ಚು.

"ಏನ್ಲಾ ಅಂಕ, ಮೋಟ್ರು ಶಾಕ್ ಒಡೀತಾ ಐತಾ?"

"ಊಂ, ಒಸಿ ಒಡೀತು ಕಣ್ಲಾ."

ಜಬ್ಬಾರ್ ಟೆಸ್ಟರ್ ತಂದು ಮೋಟಾರಿನ ಮೈಯೆಲ್ಲ ಮುಟ್ಟಿಸಿ ನೋಡಿದ. ಎಲ್ಲಿಯೂ ದೀಪ ಹತ್ತಲಿಲ್ಲ. ವೈರು ಬಿಚ್ಚಿ ಟೇಪು ಸುತ್ತಿದ, ಕಾಲಡಿಗೆ ರಬ್ಬರ್ ಮ್ಯಾಟು ಹಾಸಿಕೊಟ್ಟ. ಅಂಕಯ್ಯ ಸುಮ್ಮನೆ ಹುಡುಕಿಸಿದ. ಕರೆಂಟು ಮೋಟಾರಿನಲ್ಲಿಲ್ಲ ಎಂಬುದು ಅವನಿಗೆ ಗೊತ್ತಿತ್ತು. ಮಾತ್ರೆ ಬಿಟ್ಟು ಅಂದಿಗೆ ಒಂಬತ್ತು ದಿನವಾಗಿತ್ತು. ಕಣ್ಣನ್ನು ಅತ್ತಿಂದಿತ್ತ ಹೊರಳಿಸಿದರೆ ಸಾಕು, ತಲೆಯೊಳಗೆ ಯಾರೋ ಸ್ವಿಚ್ಚು ಹಾಕಿ ತೆಗೆದಂತಾಗುತ್ತಿತ್ತು.

ಹೆಂಡತಿ ಚಿಕ್ಕಲಕ್ಷ್ಮಮ್ಮ ಕಾಮಾಲೆಯಲ್ಲಿ ಹೋಗಿ ಮೂರು ವರ್ಷ ಕಳೆದಿತ್ತು. ಅವಳಿದ್ದಾಗ ದಿನವೂ ಮಧ್ಯಾಹ್ನ ಬುತ್ತಿ ಹಿಡಿದು ಶೆಡ್ಡಿಗೆ ಬರುತ್ತಿದ್ದಳು. ಬಂದವಳು ಹಾಗೇ ಹೋಗದೆ, ಕಡೆದಿಟ್ಟ ಬೊಂಬೆಗಳ ಮೇಲೆ ತಾಳೆಗರಿ ಉಜ್ಜಿ ಹೊಳಪು ಬರಿಸುತ್ತ ಸಂಜೆಯವರೆಗೂ ಕೂತುಬಿಡುತ್ತಿದ್ದಳು. ಮಕ್ಕಳಿರಲಿಲ್ಲ. ಅವಳು ಹೋದ ಮೇಲೆ ಅಂಕಯ್ಯ ಮೊದಲು ಊಟ ಬಿಟ್ಟ, ಆಮೇಲೆ ಮಾತು ಬಿಟ್ಟ, ಕೊನೆಗೆ ಲೇತಿನ ಮುಂದೆ ಕೂರುವುದನ್ನೂ ಬಿಟ್ಟ. ಗೋಡೆಗೆ ಮುಖ ಹಾಕಿ ಮಲಗಿದರೆ ಹೊತ್ತು ಮುಳುಗಿದ್ದು ತಿಳಿಯುತ್ತಿರಲಿಲ್ಲ. ಗಂಡ ತೀರಿಕೊಂಡ ಅಕ್ಕ ಮಾರಮ್ಮ ಬಂದು ಜೊತೆಗಿದ್ದು, ತೋಳಿಗೆ ಯಂತ್ರ ಕಟ್ಟಿಸಿದಳು, ಹರಕೆ ಹೊತ್ತಳು. ಕಡೆಗೆ ಜಬ್ಬಾರನೇ ಒಂದು ಮಂಗಳವಾರ ಅವನನ್ನು ಎಬ್ಬಿಸಿ, ಶರಟು ತೊಡಿಸಿ, ರಾಮನಗರದ ಆಸ್ಪತ್ರೆಗೆ ಕರೆದುಕೊಂಡು ಹೋದ. ಅಲ್ಲಿ ಡಾಕ್ಟರ್ ಇಸ್ಮತ್ ಎಂಬ ಹೆಂಗಸು ಅರ್ಧ ಗಂಟೆ ಕೂತು ಕೇಳಿ, ದಿನಕ್ಕೊಂದರಂತೆ ಬಿಳಿಯ ಮಾತ್ರೆ ಬರೆದುಕೊಟ್ಟಳು.

ಮಾತ್ರೆ ಅವನನ್ನು ಉಳಿಸಿತು ಎನ್ನುವುದರಲ್ಲಿ ಎರಡು ಮಾತಿಲ್ಲ. ಒಂದೂವರೆ ತಿಂಗಳಿಗೆ ಹಸಿವು ಬಂತು, ನಿದ್ದೆ ಬಂತು. ಒಂದು ಬೆಳಿಗ್ಗೆ ತಾನಾಗಿಯೇ ಎದ್ದು ಶೆಡ್ಡಿಗೆ ಹೋಗಿ ಉಳಿ ಮಸೆದ. ಮಾರಮ್ಮ ಅಂದು ಆಸ್ಪತ್ರೆಯ ದಿಕ್ಕಿಗೇ ಕೈ ಮುಗಿದಳು. ಆಮೇಲೆ ಅಂಕಯ್ಯ ಡಾಕ್ಟರ ಬಳಿಗೆ ಹೋಗುವುದನ್ನು ನಿಲ್ಲಿಸಿದ. ಹಳೆಯ ಚೀಟಿ ತೋರಿಸಿದರೆ ಬಸ್ ಸ್ಟ್ಯಾಂಡಿನ ಹತ್ತಿರದ ಮೆಡಿಕಲ್ ಸ್ಟೋರಿನ ವೆಂಕಟಯ್ಯ ಮಾತ್ರೆ ಕೊಡುತ್ತಿದ್ದ. ಹಾಗೆಯೇ ಎರಡು ವರ್ಷ ನಡೆದುಹೋಯಿತು.

ಆ ವರ್ಷದ ಪಿತೃಪಕ್ಷದಲ್ಲಿ ಚಿಕ್ಕಲಕ್ಷ್ಮಮ್ಮನಿಗೆ ಎಡೆ ಇಟ್ಟರು. ಹೊಸ ಸೀರೆ, ಹೂವು, ಅವಳಿಗೆ ಇಷ್ಟವಾದ ಹುರುಳಿಕಾಳಿನ ಬಸ್ಸಾರು, ಮುದ್ದೆ, ಒಬ್ಬಟ್ಟು. ಧೂಪ ಹಾಕಿ, ಸತ್ತವರು ಬಂದು ಉಣ್ಣಲೆಂದು ಬಾಗಿಲು ಮುಂದೆ ಮಾಡಿ ಎಲ್ಲರೂ ಹೊರಗೆ ನಿಂತರು. ಮಾರಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಬೀದಿಯ ಹೆಂಗಸರೂ ಅತ್ತರು. ಅಂಕಯ್ಯ ಅಳಲು ನೋಡಿದ. ಎದೆಯೊಳಗೆ ಎಲ್ಲಿ ಕೈ ಹಾಕಿದರೂ ಒದ್ದೆ ಸಿಗಲಿಲ್ಲ. ಎರಡು ವರ್ಷದಲ್ಲಿ ತಾನು ಒಮ್ಮೆಯೂ ಅತ್ತಿಲ್ಲ, ಒಮ್ಮೆಯೂ ಅವಳು ಕನಸಿನಲ್ಲಿ ಬಂದಿಲ್ಲ ಎಂಬುದು ಅಲ್ಲಿ ನಿಂತಾಗ ಹೊಳೆಯಿತು. ದುಃಖದ ಜೊತೆಗೆ ಅವಳನ್ನೂ ಎಲ್ಲೋ ಬಿಟ್ಟು ಬಂದೆ ಅನ್ನಿಸಿತು. ಮಾರನೆಯ ಬೆಳಿಗ್ಗೆ ಮಾತ್ರೆಯನ್ನು ಬಾಯಿಗೆ ಹಾಕಿಕೊಳ್ಳುವಂತೆ ಮಾಡಿ, ಶೆಡ್ಡಿನ ಮರದ ಹೊಟ್ಟಿನ ರಾಶಿಗೆ ಎಸೆದ. ಆಮೇಲೆ ದಿನವೂ ಹಾಗೆಯೇ ಮಾಡಿದ.

ಮೂರನೆಯ ದಿನ ತಲೆಸುತ್ತು ಶುರುವಾಯಿತು. ನಾಲ್ಕನೆಯ ದಿನ ಓಕರಿಕೆ. ಐದನೆಯ ದಿನದಿಂದ ಈ ಝಿಲ್ಲು. ಆದರೆ ಆರನೆಯ ದಿನ ಬೆಳಗಿನ ಜಾವ ಚಿಕ್ಕಲಕ್ಷ್ಮಮ್ಮ ಬಂದಳು.

ಕನಸು ಎನ್ನುವ ಹಾಗೇ ಇರಲಿಲ್ಲ. ಶೆಡ್ಡಿನಲ್ಲಿ ಬಿಸಿಯಾದ ಅರಗಿನ ವಾಸನೆ ಇತ್ತು. ಅವಳು ಮಂಡಿಯ ಹತ್ತಿರ ಸೀರೆ ಒತ್ತರಿಸಿಕೊಂಡು ನಿಂತು, "ಒಸಿ ಅತ್ಲಾಗ್ ಸರ್ಕಳಿ, ಎಷ್ಟೊತ್ತು ಅಂತ ನಿಂತಿರನ" ಎಂದಳು. ಅವನು ಸರಿದ. ಅವಳು ಕೂತಳು. ಅವಳ ತೋಳು ಇವನ ತೋಳಿಗೆ ತಾಗಿತು, ಬೆವರಿನಿಂದ ತಣ್ಣಗಿತ್ತು. ಅಷ್ಟೇ. ಎಚ್ಚರವಾದಾಗ ದಿಂಬು ನೆನೆದಿತ್ತು. ಅಂಕಯ್ಯ ಎದ್ದು ಹಿತ್ತಲಿಗೆ ಹೋಗಿ ತೊಟ್ಟಿಯ ಪಕ್ಕ ಕುಕ್ಕರುಗಾಲಿನಲ್ಲಿ ಕೂತು ಸಾಕೆನಿಸುವಷ್ಟು ಅತ್ತ. ಅತ್ತು ಮುಖ ತೊಳೆದುಕೊಂಡವನಿಗೆ ಮದುವೆಯಾದ ಹೊಸದರಲ್ಲಿದ್ದಂತೆ ಮೈ ಹಗುರಾಗಿತ್ತು.

ಹಾಗಾಗಿಯೇ ಜಬ್ಬಾರ್ ಟೆಸ್ಟರ್ ಹಿಡಿದು ಒದ್ದಾಡುವಾಗ ಅವನು ಬಾಯಿ ಬಿಡಲಿಲ್ಲ. ತಲೆಯೊಳಗೆ ಸಾವಿರ ಸಲ ಶಾಕ್ ಹೊಡೆಯಲಿ, ಬೆಳಗಿನ ಜಾವಕ್ಕೆ ಅವಳು ಬರುತ್ತಾಳಲ್ಲ ಎಂಬ ಆಸೆಯೊಂದೇ ಅವನನ್ನು ದಿನ ನೂಕಿಸುತ್ತಿತ್ತು. ಸಂಜೆಯಾಗುವುದೇ ತಡ, ಉಂಡು ಮಲಗಿಬಿಡುತ್ತಿದ್ದ.

ಬರುವವಳು ಮಾತ್ರ ಯಾವಾಗಲೂ ಹಾಗೆಯೇ ಬರಲಿಲ್ಲ. ಎರಡನೆಯ ವಾರದಲ್ಲಿ ಹೊಟ್ಟೆ ಊದಿ, ಕಣ್ಣು ಹಳದಿಯಾದ ಕೊನೆಯ ದಿನಗಳ ಚಿಕ್ಕಲಕ್ಷ್ಮಮ್ಮ ಬಂದಳು. ನೀರು ಕೇಳಿದಳು. ಇವನು ಎಷ್ಟು ಹುಡುಕಿದರೂ ಚೊಂಬು ಸಿಗಲಿಲ್ಲ. ಬೆವೆತು ಎದ್ದವನಿಗೆ ಹಗಲೆಲ್ಲ ಸಿಡಿಮಿಡಿ. ಸಾರಿಗೆ ಉಪ್ಪು ಹೆಚ್ಚಾಯಿತೆಂದು ಒಂದು ದಿನ ತಟ್ಟೆ ಎಸೆದ. ಮುದ್ದೆ ಹೊಸಿಲಿನವರೆಗೆ ಉರುಳಿತು. ತಮ್ಮ ತನ್ನ ಮೇಲೆ ದನಿಯೆತ್ತಿದ್ದನ್ನೇ ಕಾಣದ ಮಾರಮ್ಮ ಮುದ್ದೆ ಎತ್ತಿ ನಾಯಿಗೆ ಹಾಕಿದಳು. ಅವಳ ಬೆನ್ನು ನೋಡುತ್ತ ಅಂಕಯ್ಯನಿಗೆ ನಾಚಿಕೆಯಾಯಿತು. ತಪ್ಪಾಯಿತು ಎನ್ನಲು ಎದ್ದವನಿಗೆ ನೆಲ ಗರ್ರನೆ ತಿರುಗಿತು. ಜಗುಲಿಯ ಮೆಟ್ಟಿಲಿನಿಂದ ಜಾರಿ ಸೊಂಟದ ಮೇಲೆ ಬಿದ್ದ.

ಸೊಂಟನೋವಿಗೆ ವೆಂಕಟಯ್ಯ ಒಂದು ಸ್ಟ್ರಿಪ್ಪು ಕೊಟ್ಟ. ಇದು ಒಸಿ ಸ್ಟ್ರಾಂಗು, ದಿನಕ್ಕೆ ಮೂರು ತಗೊಂಡರೆ ಎದ್ದು ಓಡಾಡುತ್ತೀಯ ಎಂದ. ತಾನೇ ಕೊಡುತ್ತಿದ್ದ ಬಿಳಿಯ ಮಾತ್ರೆಯನ್ನು ಈಗಲೂ ನುಂಗುತ್ತಿದ್ದೀಯಾ ಎಂದು ಅವನು ಕೇಳಲಿಲ್ಲ, ಇವನು ಹೇಳಲಿಲ್ಲ. ಅದೇ ದಿನ ಮಾರಮ್ಮ ಒಲೆಗೆಂದು ಶೆಡ್ಡಿನಿಂದ ಹೊಟ್ಟು ತುಂಬಿಕೊಳ್ಳಲು ಹೋದಾಗ ಮೊರದೊಳಗೆ ಬಿಳಿಯ ಮಾತ್ರೆಗಳು ಸಿಕ್ಕವು. ಅವನ್ನು ಸೆರಗಿನಲ್ಲಿ ಕಟ್ಟಿಕೊಂಡು ಬಂದು ತಮ್ಮನ ಮುಂದೆ ಬಿಚ್ಚಿದಳು.

"ಇನ್ನೊಂದ್ಸಲ ನೀನು ಗ್ವಾಡೆ ಕಡೀಕ್ ತಿರುಕ್ಕಂಡು ಮನೀಕಂಡ್ರೆ ನೋಡಕೆ ನನ್ ಕೈಲಿ ಆಗಾಕಿಲ್ಲ ಕಣಪ್ಪ" ಎಂದಳು. ಮೆಲ್ಲಗೇ ಹೇಳಿದಳು.

ಅಂಕಯ್ಯನಿಗೆ ಅದನ್ನು ತಡೆದುಕೊಳ್ಳಲಾಗಲಿಲ್ಲ. ಅಕ್ಕನ ಎದುರೇ ಬಿಳಿಯ ಮಾತ್ರೆಯ ಹೊಸ ಸ್ಟ್ರಿಪ್ಪು ತೆಗೆದ. ಮೂರು ವಾರ ಬಿಟ್ಟದ್ದಕ್ಕೆ ಸರಿಯಾಗಲಿ ಎಂದು ತನ್ನದೇ ಲೆಕ್ಕದಲ್ಲಿ ಬೆಳಿಗ್ಗೆ ಎರಡು, ಸಂಜೆ ಎರಡು ನುಂಗಿದ. ಜೊತೆಗೆ ಸೊಂಟದ ಮಾತ್ರೆ ಮೂರು ಹೊತ್ತು.

ಎರಡನೆಯ ದಿನ ಮಧ್ಯಾಹ್ನ ಶೆಡ್ಡಿನಲ್ಲಿ ಅವನ ಕಾಲು ತಾನಾಗಿ ಕುಣಿಯತೊಡಗಿತು. ಮಂಡಿಯನ್ನು ಕೈಯಿಂದ ಒತ್ತಿ ಹಿಡಿದರೆ ಕೈಯೂ ಕುಣಿಯಿತು. ಬಾವಿಯಿಂದ ಎದ್ದವನಂತೆ ಬೆವರು ಸುರಿಯಿತು. ಹಲ್ಲು ಕಟಕಟಿಸಿತು, ಎದೆ ಹಾರಿತು, ಮೈ ಕಾದ ಹೆಂಚಾಯಿತು. ಜಬ್ಬಾರ್ ಏನೆಂದು ಕೇಳಿದ್ದಕ್ಕೆ, ಅವಳಿಗೆ ಜಾಗ ಬಿಡು, ನೀನು ಯಾಕೆ ಅವಳ ಜಾಗದಲ್ಲಿ ಕೂತಿದ್ದೀಯ ಎಂದು ಬೈದ. ಅವನು ಬೆರಳು ತೋರಿದ ಜಾಗದಲ್ಲಿ ಯಾರೂ ಕೂತಿರಲಿಲ್ಲ.

ಜಬ್ಬಾರ್ ಆಟೋ ತಂದ. ಹೊರಡುವ ಮುಂಚೆ ಒಂದು ಕೆಲಸ ಮಾಡಿದ. ಅಂಕಯ್ಯನ ಮನೆಗೆ ಓಡಿ, ಗೂಡಿನಲ್ಲಿದ್ದ ಮಾತ್ರೆ, ಮುಲಾಮು, ಖಾಲಿ ಸ್ಟ್ರಿಪ್ಪು, ಮಾರಮ್ಮನ ಬಿ.ಪಿ. ಗುಳಿಗೆ, ಎಲ್ಲವನ್ನೂ ಬಾಚಿ ಪ್ಲಾಸ್ಟಿಕ್ ಕವರಿಗೆ ತುಂಬಿಕೊಂಡ. ರಾಮನಗರದಲ್ಲಿ ಆ ಕವರನ್ನು ಡಾಕ್ಟರ್ ಇಸ್ಮತ್ ಮೇಜಿನ ಮೇಲೆ ಸುರಿದು, ಎರಡು ಸ್ಟ್ರಿಪ್ಪು ಎತ್ತಿ ಅಕ್ಕಪಕ್ಕ ಇಟ್ಟಳು. ಇವೆರಡೂ ಮೈಯೊಳಗೆ ಒಂದೇ ರಸವನ್ನು ಏರಿಸುವಂಥವು, ಒಟ್ಟಿಗೆ ಸೇರಿದರೆ ಹೀಗೆ ಉಕ್ಕಿಬಿಡುತ್ತದೆ, ಇನ್ನೂ ತಡ ಮಾಡಿದ್ದರೆ ಕಷ್ಟವಿತ್ತು ಎಂದಳು. ಎರಡನ್ನೂ ನಿಲ್ಲಿಸಿ, ಡ್ರಿಪ್ಪು ಹಾಕಿಸಿ, ಮೈ ತಣ್ಣಗಾಗುವವರೆಗೆ ಒದ್ದೆ ಬಟ್ಟೆ ಹೊದಿಸಿದರು. ಮೂರನೆಯ ದಿನ ಅಂಕಯ್ಯ ಇಡ್ಲಿ ಕೇಳಿದ.

ಅಂದು ಡಾಕ್ಟರ್ ಸ್ಟೂಲು ಎಳೆದುಕೊಂಡು ಅವನ ಹಾಸಿಗೆಯ ಪಕ್ಕ ಕೂತಳು. "ಯಾಕೆ ನಿಲ್ಲಿಸಿದ್ರಿ ಅಂಕಯ್ಯನವರೇ? ಬೈಯೋಕೆ ಕೇಳ್ತಿಲ್ಲ. ನನಗೆ ಗೊತ್ತಾಗ್ಬೇಕು."

ಅಂಕಯ್ಯ ಜಬ್ಬಾರನ ಕಡೆ ನೋಡಿದ. ಜಬ್ಬಾರ್ ಕಿಟಕಿಯಾಚೆ ನೋಡುತ್ತಿದ್ದ.

"ನಮ್ಮವ್ಳು ಬತ್ತಾಳೆ ಡಾಕ್ಟ್ರಮ್ಮ. ಮಾತ್ರೆ ನುಂಗುದ್ರೆ ಬರಾಕಿಲ್ಲ, ಬುಟ್ರೆ ಬತ್ತಾಳೆ."

ಡಾಕ್ಟರ್ ನಿಧಾನವಾಗಿ ತಿಳಿಸಿದಳು. ಈ ಮಾತ್ರೆ ಕೆಲವರಲ್ಲಿ ಅಳುವನ್ನೂ ಕನಸನ್ನೂ ಅದುಮಿಡುತ್ತದೆ. ದಿಢೀರನೆ ಬಿಟ್ಟರೆ ಅದುಮಿದ್ದೆಲ್ಲ ಕಟ್ಟೆ ಒಡೆದು ನುಗ್ಗುತ್ತದೆ. ತಲೆಯೊಳಗಿನ ಶಾಕು, ಸಿಟ್ಟು, ತಲೆಸುತ್ತು, ಎಲ್ಲ ಅದರದ್ದೇ. ಬಿಡಲೇಬೇಕೆಂದಿದ್ದರೆ ಬಿಡಬಹುದು, ಆದರೆ ಏಣಿ ಇಳಿದ ಹಾಗೆ ಮೆಟ್ಟಿಲು ಮೆಟ್ಟಿಲಾಗಿ. ವರ್ಷ ಹಿಡಿಯಬಹುದು. ಒಂದು ಮೆಟ್ಟಿಲು ಹತ್ತಲೂ ಬೇಕಾಗಬಹುದು. ಅಲ್ಲಿಯವರೆಗೆ ನೆಗಡಿಗೂ ಕೂಡ ತನ್ನನ್ನು ಕೇಳದೆ ಬೇರೆ ಮಾತ್ರೆ ಮುಟ್ಟಬಾರದು.

"ಪೂರ್ತಿ ಬುಟ್ ಮ್ಯಾಕೂ ಅವ್ಳು ಬರ್ನಿಲ್ಲ ಅಂದ್ರೆ?"

"ಅದು ನನಗೂ ಗೊತ್ತಿಲ್ಲ" ಎಂದಳು ಡಾಕ್ಟರ್.

ಆ ಉತ್ತರಕ್ಕೇ ಅಂಕಯ್ಯನಿಗೆ ಅವಳ ಮೇಲೆ ನಂಬಿಕೆ ಹುಟ್ಟಿತು.

ಚನ್ನಪಟ್ಟಣಕ್ಕೆ ಮರಳುವಾಗ ಬಸ್ಸಿನಲ್ಲಿ ಜಬ್ಬಾರ್ ಅವನನ್ನು ಕಿಟಕಿಯ ಕಡೆ ಕೂರಿಸಿ ತಾನು ಪಕ್ಕದಲ್ಲಿ ಕೂತ. ತಾನು ಟೆಸ್ಟರ್ ಹಿಡಿದು ಹುಡುಕಾಡುವಾಗಲಾದರೂ ಒಂದು ಮಾತು ಹೇಳಬಾರದಿತ್ತೇ ಎಂದು ಕೇಳಿದ. ಹೇಳಿದ್ದರೆ ನೀನು ಬಿಡುತ್ತಿರಲಿಲ್ಲವಲ್ಲ ಎಂದ ಅಂಕಯ್ಯ. ಆಗ ಜಬ್ಬಾರ್, ಚಿಕ್ಕಲಕ್ಷ್ಮಮ್ಮ ಒಂದು ರಂಜಾನಿನಲ್ಲಿ ತನ್ನ ಹೆಂಡತಿ ಖತೀಜಾಳ ಜೊತೆ ಸೇರಿ ಸುಮ್ಮನೆ ತಮಾಷೆಗೆ ಉಪವಾಸವಿದ್ದು, ಹನ್ನೆರಡು ಗಂಟೆಗೇ ಕದ್ದು ಬಾಳೆಹಣ್ಣು ತಿಂದ ಕಥೆ ಹೇಳಿದ. ಅಂಕಯ್ಯನಿಗೆ ಅದು ಗೊತ್ತೇ ಇರಲಿಲ್ಲ. ಮೂರು ವರ್ಷದಲ್ಲಿ ಯಾರೂ ಅವನ ಮುಂದೆ ಅವಳ ಹೆಸರೆತ್ತಿರಲಿಲ್ಲ. ನೋವಾದೀತೆಂದು ಎಲ್ಲರೂ ಬಾಯಿ ಕಟ್ಟಿಕೊಂಡಿದ್ದರು.

ಏಣಿ ಇಳಿಯುವುದು ಸಲೀಸಾಗಿರಲಿಲ್ಲ. ಮೊದಲು ಕಡಿಮೆ ಪವರಿನದು, ಆಮೇಲೆ ಅರ್ಧ, ಆಮೇಲೆ ಕಾಲು. ಪ್ರತಿ ಮೆಟ್ಟಿಲಿಗೂ ಒಂದು ವಾರ ಝಿಲ್ಲೆನ್ನುತ್ತಿತ್ತು. ಆ ವಾರ ಜಬ್ಬಾರ್ ಅವನಿಗೆ ಉಳಿ ಕೊಡದೆ ಮರ ಕೊಯ್ಯುವವರ ಲೆಕ್ಕ ನೋಡಲು ಕೂರಿಸುತ್ತಿದ್ದ. ಯುಗಾದಿಯ ಹೊತ್ತಿಗೆ ಹಳೆಯ ಕತ್ತಲೆ ಮತ್ತೆ ಬಾಗಿಲಿಗೆ ಬಂದು ನಿಂತಿತು. ಅಂಕಯ್ಯ ಎರಡು ದಿನ ಗೋಡೆಗೆ ಮುಖ ಮಾಡಿ ಮಲಗಿದ. ಮೂರನೆಯ ದಿನ ತಾನೇ ಎದ್ದು ಬಸ್ಸು ಹತ್ತಿ ರಾಮನಗರಕ್ಕೆ ಹೋಗಿ, ಒಂದು ಮೆಟ್ಟಿಲು ಹತ್ತಿಸಿಕೊಂಡು ಬಂದ. ಅದರ ಬಗ್ಗೆ ಅವನಿಗೆ ನಾಚಿಕೆಯಾಗಲಿಲ್ಲ. ಚಿಕ್ಕಲಕ್ಷ್ಮಮ್ಮ ಆ ವರ್ಷದಲ್ಲಿ ಒಮ್ಮೆ ಮಾತ್ರ ಬಂದಳು. ಜನ ತುಂಬಿದ ಯಾವುದೋ ಸಂತೆಯಲ್ಲಿ, ದೂರದಲ್ಲಿ, ಬೆನ್ನು ಹಾಕಿ ನಡೆದು ಹೋಗುತ್ತಿದ್ದಳು. ಆದರೂ ಅವನು ಬೆಳಗಿನ ಜಾವ ಎಚ್ಚರವಾದಾಗಲೆಲ್ಲ ಒಂದು ಗಳಿಗೆ ಕಣ್ಣು ತೆರೆಯದೆ ಕಾಯುತ್ತಿದ್ದ.

ಅವರೆಕಾಯಿಯ ಕಾಲಕ್ಕೆ ಗುಡೇಮಾರನಹಳ್ಳಿಯಿಂದ ಹೇಳಿಕಳಿಸಿದರು. ಚಿಕ್ಕಲಕ್ಷ್ಮಮ್ಮನ ಅಕ್ಕ ದೊಡ್ಡಲಕ್ಷ್ಮಮ್ಮನ ಮನೆ ಅಲ್ಲಿತ್ತು. ಸೊಗಡಿನ ಕಾಯಿ ಬಂದಿದೆ, ಈ ಸಲವಾದರೂ ಬಂದು ಒಂದು ಚೀಲ ತಕ್ಕೊಂಡು ಹೋಗಲಿ ಎಂದು. ಹೆಂಡತಿ ಸತ್ತ ಮೇಲೆ ಅಂಕಯ್ಯ ಆ ಊರಿನ ದಾರಿ ತುಳಿದಿರಲಿಲ್ಲ. ಹೋಗಬೇಕು ಅನ್ನಿಸಿತು. ಮಾಗಡಿಯಲ್ಲಿ ಬಸ್ಸು ಬದಲಿಸಿ, ಕ್ರಾಸಿನಲ್ಲಿ ಇಳಿದು, ರಾಗಿ ಕೊಯ್ದ ಹೊಲಗಳ ನಡುವೆ ನಡೆದು ಊರು ಸೇರುವಾಗ ಹೊತ್ತು ಇಳಿದಿತ್ತು.

ಮನೆಯ ಮುಂದೆ ಯಾರೂ ಇರಲಿಲ್ಲ. ಹುಲ್ಲಿನ ಮೆದೆಯನ್ನು ಬಳಸಿ ಹಿತ್ತಲ ಕಡೆ ತಿರುಗುವಷ್ಟರಲ್ಲಿ ಬೇಲಿಯೊಳಗಿನಿಂದ ಕೂಗು ಕೇಳಿತು. "ಬಾ, ಬಾ, ಬಾ... ಬಾರವ್ವ." ಅಂಕಯ್ಯನ ಕಾಲು ಅಲ್ಲೇ ನಿಂತಿತು. ಕೊನೆಯ ಅಕ್ಷರವನ್ನು ಒಂದಿಷ್ಟು ಮೇಲಕ್ಕೆತ್ತಿ ಬಿಡುವ ಆ ಎಳೆತ, ಮಧ್ಯದಲ್ಲಿ ಚೂರು ಒಡೆಯುವ ಆ ಗಂಟಲು. ಅಕ್ಕತಂಗಿಯರ ದನಿ ಇಷ್ಟು ಒಂದೇ ಎಂದು ಇಬ್ಬರೂ ಇದ್ದಾಗ ಅವನು ಗಮನಿಸಿರಲೇ ಇಲ್ಲ.

ಬೇಲಿಯ ಸಂದಿಯಿಂದ ದೊಡ್ಡಲಕ್ಷ್ಮಮ್ಮನ ಸೆರಗಿನ ಅಂಚು ಮಾತ್ರ ಕಾಣುತ್ತಿತ್ತು. ಕೋಳಿಗಳು ಒಂದೊಂದಾಗಿ ಗೂಡು ಸೇರುತ್ತಿದ್ದವು. ಆ ಕೂಗು ನಿಲ್ಲಬಾರದೆಂದು ಅಂಕಯ್ಯ ಸದ್ದಾಗದಂತೆ ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕೂತು, ಖಾಲಿ ಚೀಲವನ್ನು ತೊಡೆಯ ಮೇಲಿಟ್ಟುಕೊಂಡ. ಕಂದು ಬಣ್ಣದ ಹ್ಯಾಟೆಕೋಳಿಯೊಂದು ಮಾತ್ರ ನುಗ್ಗೆಮರದ ಕೊಂಬೆಯ ಮೇಲೆ ಉಳಿದಿತ್ತು. ದೊಡ್ಡಲಕ್ಷ್ಮಮ್ಮ ಮತ್ತೆ ಕರೆದಳು. ಹ್ಯಾಟೆ ಕತ್ತು ಓರೆ ಮಾಡಿ ಕೇಳಿಸಿಕೊಂಡಿತು, ಕದಲಲಿಲ್ಲ. ಅವಳು ಇನ್ನೊಮ್ಮೆ ಕರೆದಳು.