ಮೊದಲು ಹತ್ತಿದ ಬೈಕು

ಗೇಸಾ ತನ್ನ ಬೈಕಿನ ಎರಡೂ ಕನ್ನಡಿಗಳನ್ನು ಒಳಕ್ಕೆ ಮಡಚಿದಳು. ಹಳೆಯ ಅಡುಗೆಮನೆ ಬಟ್ಟೆಯೊಂದನ್ನು ನಾಲ್ಕು ಮಡಿಕೆ ಮಾಡಿ, ರೈಲಿನಲ್ಲಿ ಪಟ್ಟಿ ಬಿಗಿಯುವಾಗ ಬಣ್ಣ ಉಜ್ಜಿಹೋಗದಂತೆ ಹ್ಯಾಂಡಲಿನ ಕೆಳಗೆ ಸುತ್ತಿದಳು. ಪಕ್ಕದಲ್ಲಿ ಮಗಳು ಫ್ರೌಕೆ ತನ್ನ ಬೈಕಿಗೂ ಅದನ್ನೇ ಮಾಡುತ್ತಿದ್ದಳು. ಹ್ಯಾಂಬರ್ಗಿನ ಆಲ್ಟೋನಾ ನಿಲ್ದಾಣದ ಅಂಗಳದಲ್ಲಿ ಹನ್ನೆರಡು ಬೈಕುಗಳು ವಾಹನಗಳನ್ನೂ ಹೊತ್ತೊಯ್ಯುವ ರಾತ್ರಿ ರೈಲಿಗೆ ಹತ್ತಲು ಸಾಲಾಗಿ ಕಾದಿದ್ದವು.

ತಾಯಿ ಮಗಳ ನಡುವೆ ಒಂದು ಕರಾರಿತ್ತು. ಹೋದ ವರ್ಷ ಗೇಸಾ ಪೆಟ್ರೋಲ್ ಬಂಕಿನಲ್ಲಿ ನಿಂತಲ್ಲೇ ಬೈಕು ಕೆಡವಿದ್ದಳು. ಎರಡು ವಾರ ಕಳೆದು, ಬೈಕಿನ ಪಕ್ಕದ ಪೆಟ್ಟಿಗೆಯ ಮುಚ್ಚಳ ಹಾಕದೆ ಹೊರಟು ಹೆದ್ದಾರಿಯುದ್ದಕ್ಕೂ ತನ್ನ ಒಳಉಡುಪು ಹಂಚುತ್ತ ಹೋಗಿದ್ದಳು. "ಅರವತ್ನಾಲ್ಕಾಯ್ತಮ್ಮ ನಿಂಗೆ. ಇನ್ನೊಂದು ಎಡವಟ್ಟಾದ್ರೆ ಗಾಡಿ ಮಾರೋದೇ," ಎಂದಿದ್ದಳು ಫ್ರೌಕೆ. ಗೇಸಾ ಒಪ್ಪಿದ್ದಳು. ಒಪ್ಪದೆ ಏನು? ಹದಿನೇಳು ಬೇಸಿಗೆ ಇದೇ ರೈಲಿನಲ್ಲಿ ಬೈಕು ಸಾಗಿಸಿ, ಇನ್ಸ್‌ಬ್ರುಕ್ಕಿನಲ್ಲಿ ಇಳಿಸಿಕೊಂಡು ಬೆಟ್ಟ ದಾಟಿದವಳು. ಅವಳಿಗೆ ಗೊತ್ತಿಲ್ಲದ್ದು ಈ ರೈಲಿನಲ್ಲಿ ಏನಿತ್ತು?

ಗೊತ್ತಿದ್ದನ್ನು ಹೊಟ್ಟೆಯಲ್ಲಿಟ್ಟುಕೊಳ್ಳುವ ಜಾಯಮಾನವೂ ಅವಳದಲ್ಲ. ಮೂವತ್ತು ವರ್ಷ ಶಾಲೆಯೊಂದರಲ್ಲಿ ಮಕ್ಕಳಿಗೆ ಊಟ ಬಡಿಸಿ ಬಡಿಸಿ ಗಟ್ಟಿಯಾದ ದನಿ ಅವಳದು.

"ಕೇಳಿ ಎಲ್ಲಾರೂ! ಗಾಡಿ ಸಾಗಿಸೋ ಡಬ್ಬಿಯ ಕೆಳಗಿನ ಅಂತಸ್ತು ತುಂಬಾ ತಗ್ಗು. ಗದ್ದ ಟ್ಯಾಂಕಿಗೆ ತಾಗೋಷ್ಟು ಬಗ್ಗಿ. ಹೆಲ್ಮೆಟ್ ತೆಗೀಬೇಡಿ. ನಿಲ್ಸಿದ್ಮೇಲೆ ಮೊದಲ್ನೇ ಗೇರಲ್ಲಿ ಬಿಡಿ. ಹಲ್ಲುಜ್ಜೋ ಬ್ರಷ್ ಈಗ್ಲೇ ಎತ್ಕೊಳ್ಳಿ, ಬೆಳಿಗ್ಗೆವರೆಗೂ ಗಾಡಿ ಹತ್ರ ಯಾರ್ನೂ ಬಿಡಲ್ಲ. ಆಮೇಲೆ ಅಲಾರಂ! ಅದನ್ನ ಆಫ್ ಮಾಡಿ. ಇಲ್ದಿದ್ರೆ ರೈಲು ಕುಲುಕಿದಾಗೆಲ್ಲ ಬಡ್ಕೊಂಡು ಬಡ್ಕೊಂಡು ಬ್ಯಾಟರಿ ಸತ್ತೋಗುತ್ತೆ."

"ರೈಲು ನಿಮ್ದೇನಾ ಅಮ್ಮಾವ್ರೆ?" ಎಂದ ಮೂರನೆಯ ಬೈಕಿನ ಪೋಲ್‌ಮನ್, ಬಾಯಲ್ಲಿ ಮೀನು ತುಂಬಿದ ಬ್ರೆಡ್ಡು ಇಟ್ಟುಕೊಂಡೇ.

"ಹದಿನೇಳು ಸಲ ಟಿಕೆಟ್ ತಗೊಂಡಿದೀನಪ್ಪ. ಒಂದು ಚಕ್ರ ಆದ್ರೂ ನಂದಾಗಿರ್ಬೇಕು."

ಎಲ್ಲರಿಗಿಂತ ಮೊದಲು ಗೇಸಾಳೇ ಬಗ್ಗಿ ಒಳಹೊಕ್ಕಳು. ರೈಲ್ವೆಯವರು ಹನ್ನೆರಡೂ ಬೈಕುಗಳಿಗೆ ಪಟ್ಟಿ ಬಿಗಿದು ಮುಗಿಸಿದರು. ಫ್ರೌಕೆ ಚೀಲಗಳನ್ನು ಹೊತ್ತು ಬರ್ತು ಹುಡುಕಲು ಹೋದಳು. ಆಗ ಗೇಸಾ ಡಬ್ಬಿಯ ಪಕ್ಕ ನಿಂತು ಜೇಬಿನಿಂದ ಪುಟ್ಟ ರಿಮೋಟನ್ನು ತೆಗೆದಳು. ಹುಟ್ಟುಹಬ್ಬಕ್ಕೆ ಮಗಳು ಹಾಕಿಸಿಕೊಟ್ಟ ಅಲಾರಮಿನದು. ಅದರಲ್ಲಿ ಎರಡು ಗುಂಡಿ. ಯಾವುದು ಯಾತಕ್ಕೆ ಎಂದು ಅವಳು ಕೇಳಿರಲಿಲ್ಲ.

"ನೋಡಿ, ಹೀಗೆ," ಎಂದು ಎಲ್ಲರೆದುರು ಮೇಲಿನದನ್ನು ಒತ್ತಿದಳು. ಬೈಕಿನಲ್ಲಿ ಕೆಂಪು ದೀಪ ಮಿನುಗಿತು. "ಕೆಂಪು ಬಂತಾ? ಬಂದ್ ಆಯ್ತು ಅಂತ ಅರ್ಥ."

ರೈಲು ಹ್ಯಾನೋವರ್ ಮುಟ್ಟಿ ಗಕ್ಕನೆ ನಿಂತಾಗ ಹಿಂದಿನ ಡಬ್ಬಿಗಳ ಕಡೆಯಿಂದ ಪೀಂ ಪೀಂ ಎಂದು ಅರಚಾಟ ಕೇಳಿಸಿತು. ಗೇಸಾ ಕಿಟಕಿಯಿಂದ ತಲೆ ಹೊರಹಾಕಿದಳು.

"ಕೇಳಿಸ್ತಾ? ಬಾಯಿ ಬಡ್ಕೊಂಡು ಹೇಳ್ದೆ. ಹನ್ನೆರಡು ಜನರಲ್ಲಿ ಒಬ್ಬ ದಡ್ಡ ಇರ್ಲೇಬೇಕು."

"ಪಾಪ, ಯಾರದೋ," ಎಂದ ಕೆಳಬರ್ತಿನ ಪೋಲ್‌ಮನ್.

"ಪಾಪ ಏನು ಬಂತು? ಅಂಥವ್ರ ಕೈಗೆ ಬೈಕೇ ಕೊಡ್ಬಾರ್ದು!"

ಮೇಲಿನ ಬರ್ತಿನಲ್ಲಿ ಫ್ರೌಕೆ ನಕ್ಕಳು. ಮಗಳು ಕೊನೆಗೂ ನಕ್ಕಳು ಎಂಬ ಸಮಾಧಾನದಲ್ಲಿ ಗೇಸಾ ಬೆಳಗಾಗುವವರೆಗೆ ಗೊರಕೆ ಹೊಡೆದಳು.

ಇನ್ಸ್‌ಬ್ರುಕ್ಕಿನಲ್ಲಿ ಬಿಸಿಲು ಬಿದ್ದಿತ್ತು. ಡಬ್ಬಿಯ ಒಂದು ತುದಿಯಿಂದ ಹತ್ತಿ ಇನ್ನೊಂದು ತುದಿಯಿಂದ ಇಳಿಯುವುದರಿಂದ ಮೊದಲು ಹತ್ತಿದ ಬೈಕೇ ಮೊದಲು ಇಳಿಯಬೇಕು. ಅದು ಕದಲದೆ ಹಿಂದಿನದು ಯಾವುದೂ ಕದಲುವಂತಿಲ್ಲ. ಗೇಸಾ ಟ್ಯಾಂಕಿನ ಮೇಲೆ ಕವುಚಿ ಬೀಗದ ಕೈ ತಿರುಗಿಸಿ ಸ್ಟಾರ್ಟರ್ ಗುಂಡಿ ಒತ್ತಿದಳು. ಟಿಕ್ ಎಂದಿತು. ಇನ್ನೊಮ್ಮೆ ಒತ್ತಿದಳು. ಟಿಕ್ ಎನ್ನುವುದಕ್ಕೂ ಅದಕ್ಕೆ ತ್ರಾಣವಿರಲಿಲ್ಲ. ಹಿಂದೆ ಹನ್ನೊಂದು ಎಂಜಿನುಗಳು ಗುರುಗುಟ್ಟುತ್ತಿದ್ದವು.

"ಏನಮ್ಮಾವ್ರೆ, ಬಗ್ಗಿದವರು ಹಾಗೇ ನಿದ್ದೆ ಹೋದ್ರಾ?" ಎಂದ ಹಿಂದಿನಿಂದ ಪೋಲ್‌ಮನ್.

ಚಳಿಗೆ ಹೀಗಾಯಿತು ಎನ್ನಲೇ, ಬ್ಯಾಟರಿ ಹಳೆಯದು ಎನ್ನಲೇ, ರೈಲ್ವೆಯವರೇ ಏನೋ ಮಾಡಿದರು ಎನ್ನಲೇ? ಮೂರು ಸುಳ್ಳು ನಾಲಿಗೆಯ ತುದಿಗೆ ಬಂದವು. ಆದರೆ ಬೆನ್ನು ಮುರಿಯುವ ಹಾಗೆ ಬಗ್ಗಿ ಕೂತು ಸುಳ್ಳು ಹೇಳುವುದು ಬಹಳ ಕಷ್ಟದ ಕೆಲಸ.

"ರಾತ್ರಿ ಕೂಗಿದ ದಡ್ಡ ಸಿಕ್ಕಿದ," ಎಂದು ಕೂಗಿದಳು. "ನಾನೇ!"

ಡಬ್ಬಿಯೊಳಗೆ ನಗೆ ಗುಡುಗಿತು. ರೈಲ್ವೆಯವನೂ ಫ್ರೌಕೆಯೂ ಬೈಕನ್ನು ತಳ್ಳಿದರು. ಗೇಸಾ ಅದರ ಮೇಲೆ ಮದುವಣಗಿತ್ತಿಯ ಹಾಗೆ ತಲೆ ತಗ್ಗಿಸಿ ಕೂತು ಅಂಗಳಕ್ಕೆ ಇಳಿದಳು. ಒಬ್ಬೊಬ್ಬರೂ ಪಕ್ಕದಲ್ಲಿ ಹಾದುಹೋಗುತ್ತ ಬೇಕೆಂದೇ ಒಂದೊಂದು ಹಾರ್ನ್ ಹೊಡೆದರು. ಪೋಲ್‌ಮನ್ ಮಾತ್ರ ನಿಂತ. ತನ್ನ ಬ್ಯಾಟರಿಯಿಂದ ತಂತಿ ಎಳೆದು ಜೋಡಿಸಿದ. ಗೇಸಾಳ ಎಂಜಿನು ಕೆಮ್ಮಿ ಶುರುವಾಯಿತು.

"ಮೇಲಿನ ಗುಂಡಿ ಆನ್, ಕೆಳಗಿಂದು ಆಫ್," ಎಂದಳು ಫ್ರೌಕೆ ಮೆಲ್ಲಗೆ. "ಕೇಳಿದ್ರೆ ಹೇಳ್ತಿದ್ನಲ್ಲಮ್ಮ."

"ಕೇಳಿದ್ರೆ, ಇವಳಿಗೆ ಒಂದು ಗುಂಡಿನೂ ಗೊತ್ತಾಗಲ್ಲ ಅಂತಿದ್ದೆ ನೀನು."

"ಹೂಂ, ಅಂತಿದ್ದೆ," ಎಂದು ಫ್ರೌಕೆ ಒಪ್ಪಿಕೊಂಡಳು.

"ಮಾತು ಕೊಟ್ಟಿದೀನಿ. ಊರಿಗೆ ಹೋದ್ಮೇಲೆ ಮಾರು, ಬೇಡ ಅನ್ನಲ್ಲ," ಎಂದಳು ಗೇಸಾ. ನಗಲು ನೋಡಿದಳು, ಆಗಲಿಲ್ಲ.

ಪೋಲ್‌ಮನ್ ತಂತಿಯನ್ನು ಅಗತ್ಯಕ್ಕಿಂತ ನಿಧಾನವಾಗಿ ಸುತ್ತತೊಡಗಿದ. ಫ್ರೌಕೆ ಕೈಗವಸಿನ ಪಟ್ಟಿ ಬಿಗಿದು, ಬಿಚ್ಚಿ, ಮತ್ತೆ ಬಿಗಿದಳು.

"ಬ್ರೆನ್ನರ್ ಕಣಿವೆ ದಾಟೋವರೆಗೆ ನಾನೇ ಮುಂದೆ ಹೋಗ್ತೀನಿ, ಇದೊಂದು ಸಲ ಬಿಡು ಮಗಳೇ," ಎಂದಳು ಗೇಸಾ.