ಕೆಂಪು ದಾರ ಕಟ್ಟಿದ ಹೂವು

ಶಿಲ್ಪಾ ಮೂರನೆಯ ಡಬ್ಬಿಯ ಹೂಗಿಡಕ್ಕೆ ಕತ್ತರಿ ಹಾಕುವಷ್ಟರಲ್ಲಿ ಹೇಮಲತಾ ಬಂದು ಅವಳ ಮಣಿಕಟ್ಟು ಹಿಡಿದಳು.

"ಚೆಂಡು ಹೂವು ಎಷ್ಟು ಬೇಕಾದ್ರೂ ಕುಯ್ಕೋ. ಆಸ್ಟರ್ ಮುಟ್ಬೇಡ."

"ಕೈ ಬಿಡಿ ಅತ್ತಿಗೆ. ನಮ್ಮಮ್ಮ ಬೆಳೆಸಿದ ಹೂವು ನಮ್ಮಮ್ಮಂಗೇ ಇಲ್ವಾ?"

ಅರಸೀಕೆರೆಯ ಆ ಮನೆಯ ಪಡಸಾಲೆಯಲ್ಲಿ ಗುರುಸಿದ್ದಮ್ಮನವರನ್ನು ಸ್ನಾನ ಮಾಡಿಸಿ, ಹಣೆಗೆ ವಿಭೂತಿ ಬಳಿದು, ಗೋಡೆಗೆ ಒರಗಿಸಿ ಕೂರಿಸಿದ್ದರು. ಕಣ್ಣು ಪೂರ್ತಿ ಮುಚ್ಚಿರಲಿಲ್ಲ. ಬದುಕಿದ್ದಾಗಲೂ ಸೊಸೆಯನ್ನು ಅವರು ನೋಡುತ್ತಿದ್ದುದು ಹೀಗೆ ಅರ್ಧ ಕಣ್ಣಲ್ಲೇ. ಮಗಳು ಶಿಲ್ಪಾ ಬೇಲೂರಿನಿಂದ ಬೆಳಗಿನ ಮೊದಲ ಬಸ್ಸಿಗೆ ಬಂದವಳು, ಒಂದು ಸುತ್ತು ಅತ್ತು ಮುಗಿಸಿ ನೇರ ಅಂಗಳದ ಹೂವಿಗೆ ಇಳಿದಿದ್ದಳು.

"ದಾರ ನೋಡು," ಎಂದಳು ಹೇಮಲತಾ. ತುದಿ ಬಿಳಿಯಾದ ನೇರಳೆ ಆಸ್ಟರ್ ಗಿಡಗಳಲ್ಲಿ ನಾಲ್ಕು ಹೂವಿನ ತೊಟ್ಟಿಗೆ ಕೆಂಪು ದಾರ ಸುತ್ತಿತ್ತು. "ಬೀಜಕ್ಕೆ ಅಂತ ಬಿಟ್ಟಿರೋ ಹೂವು ಇವು. ಇವನ್ನ ಕುಯ್ದ್ರೆ ಮುಂದಿನ ವರ್ಷಕ್ಕೆ ಒಂದು ಬೀಜಾನೂ ಇರಲ್ಲ."

"ಅಮ್ಮ ಸತ್ತು ಆರು ಗಂಟೆ ಆಗಿಲ್ಲ. ನಿಮಗೆ ಬೀಜದ ಚಿಂತೆ."

ಪಕ್ಕದ ಮನೆಯ ಸಾವಿತ್ರಮ್ಮ ನಡುವೆ ಬಾಯಿ ಹಾಕಿದರು. "ಬಿಡವ್ವ ಹೇಮಲತಾ. ಇದ್ದಾಗಂತೂ ಹಾವು ಮುಂಗುಸಿ ಥರ ಇದ್ರಿ. ಇವತ್ತೊಂದಿನ ಸುಮ್ನಿರು."

"ಏನೇ ಅದು, ಜನದ ಮುಂದೆ?" ಎಂದ ಗಂಡ ರಾಜಶೇಖರ್, ಶಾಮಿಯಾನದ ಕೆಳಗಿಂದಲೇ. ಹೇಮಲತಾ ಕೈ ಬಿಟ್ಟಳು. ಶಿಲ್ಪಾ ನಾಲ್ಕನ್ನೂ ದಾರದ ಸಮೇತ ಕತ್ತರಿಸಿ ಬುಟ್ಟಿಗೆ ಹಾಕಿದಳು.

ಬೆಳಗಿನಿಂದ ಬಾರದ ಅಳು ಆಗ ಬಂತು ಹೇಮಲತಾಳಿಗೆ. ಅತ್ತೆಗಾಗಿ ಅಳುತ್ತಿದ್ದಾಳೆ ಎಂದುಕೊಂಡು ಸಾವಿತ್ರಮ್ಮ ಬೆನ್ನು ಸವರಿದರು.

*

ಹದಿನೆಂಟು ವರ್ಷದ ಹಿಂದೆ ಹಾರನಹಳ್ಳಿಯಿಂದ ಸೊಸೆಯಾಗಿ ಬಂದಾಗ ಅವಳ ಸೆರಗಿನಲ್ಲಿ ಒಂದು ಗಂಟಿತ್ತು. ತಾಯಿ ತನ್ನ ಹಸಿರು ಚೌಕುಳಿ ಸೀರೆಯ ತುಂಡಿನಲ್ಲಿ ಆಸ್ಟರ್ ಬೀಜ ಕಟ್ಟಿಕೊಟ್ಟಿದ್ದಳು. ಗುರುಸಿದ್ದಮ್ಮ ಗಂಟನ್ನು ಇಸಿದುಕೊಂಡು, "ಈ ಮನೆ ಮಣ್ಣು ನಿಂಗಿನ್ನೂ ಗೊತ್ತಿಲ್ಲ," ಎಂದರು. ಬೀಜ ತಾವೇ ಬಿತ್ತಿದರು, ಅಲ್ಲಿಗೆ ಮುಗಿಯಿತು.

ಕೆಲಸವೇನೋ ಅವರಿಗೆ ಚೆನ್ನಾಗಿ ಗೊತ್ತಿತ್ತು, ಅದನ್ನು ಹೇಮಲತಾಳೂ ಅಲ್ಲಗಳೆಯುತ್ತಿರಲಿಲ್ಲ. ಎಣ್ಣೆ ಡಬ್ಬಿಗಳ ತಳಕ್ಕೆ ಮೊಳೆಯಿಂದ ತೂತು ಹೊಡೆದು, ತೆಂಗಿನ ಸಿಪ್ಪೆ ಹಾಸಿ, ಮೇಲೆ ಕೆಮ್ಮಣ್ಣು, ಕುರಿಗೊಬ್ಬರ ತುಂಬುವರು. ಗೋಡೆಯ ಕ್ಯಾಲೆಂಡರಿನಲ್ಲಿ ಹಬ್ಬದಿಂದ ಹಿಂದಕ್ಕೆ ದಿನ ಎಣಿಸಿ ಇದ್ದಿಲಲ್ಲಿ ಗೆರೆ ಎಳೆಯುವರು. ದೀಪಾವಳಿಗೆ ಆಸ್ಟರ್ ಬೇಕೆಂದರೆ ಆಷಾಢದಲ್ಲೇ ಬೀಜ ಬೀಳಬೇಕು. ಬಿತ್ತಿ ಮಿಕ್ಕ ಬೀಜ ಒಲೆಗೆ. "ವರ್ಷ ದಾಟಿದ ಬೀಜ ಹುಟ್ಟಲ್ಲ," ಎನ್ನುವುದು ಬಾಯಿಮಾತು, ಇನ್ನೊಬ್ಬರ ಅಂಗಳದಲ್ಲಿ ಅದು ಅರಳಬಾರದು ಎನ್ನುವುದು ಒಳಮಾತು.

ಮೊದಲ ವರ್ಷ ಹೇಮಲತಾ ದಾರ ಕಟ್ಟಿದ ಹೂವೊಂದನ್ನು ತಿಳಿಯದೆ ಕಿತ್ತು ಮುಡಿದಿದ್ದಳು. ಕೆನ್ನೆಗೆ ಬಿತ್ತು. ಅಂದಿನಿಂದ ಅವಳು ಬಸ್‌ಸ್ಟ್ಯಾಂಡಿನಲ್ಲಿ ಮೊಳದ ಲೆಕ್ಕದ ಹೂವೇ ಕೊಂಡು ಮುಡಿದಳು, ಅತ್ತೆಯ ಎದುರೇ ಮುಡಿದಳು. ಅವಳೂ ಕಡಿಮೆಯವಳಲ್ಲ. ಒಮ್ಮೆ ಕುದಿಯುವ ಗಂಜಿಯನ್ನು ಜೀನಿಯಾ ಡಬ್ಬಿಗೆ ಬಸಿದುಬಿಟ್ಟಳು. ಮೂರು ತಿಂಗಳು ಮನೆಯಲ್ಲಿ ಮಾತಿರಲಿಲ್ಲ.

ಕಳೆದ ವರ್ಷ ತಾಯಿ ತೀರಿಕೊಂಡಳು. ಅವಳ ತಮ್ಮ ತವರಿನ ಹೂವಿನ ಹಿತ್ತಲನ್ನು ಸಮ ಮಾಡಿ ಅಂಗಡಿ ಸಾಲು ಕಟ್ಟಿಸಿದ. ಆಗ ಹೇಮಲತಾ ಮೊದಲ ಸಲ ಬಗ್ಗಿ ಕೇಳಿದ್ದಳು.

"ಅತ್ತೆ, ಒಂದು ಚಿಟಿಕೆ ಬೀಜ ಕೊಡಿ. ನಮ್ಮಮ್ಮಂದು ಅಂತ ಇನ್ನೇನೂ ಉಳಿದಿಲ್ಲ."

"ನಿಮ್ಮಮ್ಮ ಕೊಟ್ಟಿದ್ದು ಆ ವರ್ಷದ ಬೀಜ ಕಣೇ. ಅದು ಆ ವರ್ಷವೇ ಮುಗೀತು. ಆಮೇಲಿಂದೆಲ್ಲ ನಂದು."

ಹೇಮಲತಾ ಕದಿಯಲೂ ನೋಡಿದಳು. ಟ್ರಂಕು, ಉಪ್ಪಿನ ಜಾಡಿ, ದೇವರ ಗೂಡು, ಎಲ್ಲೂ ಸಿಗಲಿಲ್ಲ. ಮುದುಕಿ ಬೀಜವನ್ನು ನುಂಗಿಯೇ ಇಟ್ಟುಕೊಳ್ಳುತ್ತಾಳೇನೋ ಎಂದು ಶಪಿಸಿದಳು.

*

ಕಣಕಟ್ಟೆಯ ತೆಂಗಿನ ತೋಟದಲ್ಲಿ ಗುಣಿ ತೆಗೆದಿತ್ತು. ಗುರುಸಿದ್ದಮ್ಮನವರನ್ನು ಅದರಲ್ಲಿ ಕೂರಿಸಿದರು. ಕೊರಳಿನ ಹಾರದಲ್ಲಿ ಕೆಂಪು ದಾರದ ನಾಲ್ಕು ಹೂವೂ ಇದ್ದವು, ಆಗಲೇ ಬಾಡಿದ್ದವು.

ಗುಣಿಗೆ ಇಳಿದ ಅಯ್ಯನವರು ಎದೆಯ ಮೇಲಿನ ಬೆಳ್ಳಿ ಕರಡಿಗೆ ತೆರೆದರು. ಒಳಗಿನ ಇಷ್ಟಲಿಂಗವನ್ನು ತೆಗೆದು ಎಡ ಅಂಗೈಗೆ ಇಡಬೇಕು. ಲಿಂಗದ ಹಿಂದೆಯೇ ಹೆಬ್ಬೆರಳಿನಷ್ಟು ದೊಡ್ಡ ಬಟ್ಟೆಯ ಗಂಟೊಂದು ಜಾರಿ ಬಿತ್ತು. ಹಸಿರು ಚೌಕುಳಿ ಬಟ್ಟೆ. ಅಂಚು ನವೆದು ನೂಲು ಎದ್ದಿತ್ತು.

ಅಯ್ಯನವರು ಗಂಟು ಬಿಚ್ಚಿ ನೋಡಿದರು. "ಬೀಜ ಕಣ್ರೀ. ಹೊಸಾವು. ಹುಳ ಬೀಳದಿರ್ಲಿ ಅಂತ ವಿಭೂತಿ ಬೆರೆಸವ್ರೆ. ಲಿಂಗದ ಮಗ್ಗುಲಲ್ಲಿ ಇಡೋ ವಸ್ತುವೇನಪ್ಪಾ ಇದು?"

ಹೇಮಲತಾ ಜನರನ್ನು ಸರಿಸಿ ಮುಂದೆ ಬಂದಳು. ಪ್ರತಿ ಬೆಳಿಗ್ಗೆ ಬಾಗಿಲು ಹಾಕಿಕೊಂಡು ಅತ್ತೆ ಪೂಜೆಗೆಂದು ತೆರೆಯುತ್ತಿದ್ದ ಕರಡಿಗೆ. ಮೊದಲು ಅರಳಿದ ಹೂವಿನ ಬೀಜವನ್ನು ಅವರು ಆಗಲೇ ತೆಗೆದಿಟ್ಟಿದ್ದರು, ತನ್ನ ತಾಯಿಯ ಸೀರೆಯ ತುಂಡಿನಲ್ಲೇ.

"ಅಮ್ಮನ ಎದೆ ಮೇಲಿದ್ದದ್ದು ಅಮ್ಮನ ಜೊತೆಗೇ ಹೋಗ್ಲಿ," ಎಂದಳು ಶಿಲ್ಪಾ.

"ಆ ಬಟ್ಟೆ ನಮ್ಮಮ್ಮಂದು," ಎಂದಳು ಹೇಮಲತಾ. ಗುಣಿಯ ಅಂಚಿನಲ್ಲಿ ಕುಕ್ಕರುಗಾಲಲ್ಲಿ ಕೂತು ಬಲಗೈ ಚಾಚಿದಳು. "ಕೊಡಿ ಅಯ್ನೋರೆ."

"ಹೆಣದ ಮೈಮೇಲಿಂದ ಕಿತ್ಕೋತೀರಾ ಅತ್ತಿಗೆ? ನಾಚಿಕೆ ಆಗಲ್ವಾ?"

"ಇಲ್ಲ."

ಅಯ್ಯನವರು ರಾಜಶೇಖರನ ಮುಖ ನೋಡಿದರು. ಅವನು ತೆಂಗಿನ ಮರದ ತುದಿ ನೋಡುತ್ತಿದ್ದ. ಅವರು ಗಂಟನ್ನು ಮತ್ತೆ ಕಟ್ಟಿ ಚಾಚಿದ ಕೈಗೆ ಇಟ್ಟರು, ಮಂತ್ರ ಮುಂದುವರಿಸಿದರು. ನೆರೆದವರ ಗುಸುಗುಸು ಮಂತ್ರಕ್ಕಿಂತ ಜೋರಾಗಿತ್ತು.

ಮಣ್ಣು ಹಾಕುವ ಹೊತ್ತಾಯಿತು. ಮಗ ಹಾಕಿದ, ಮಗಳು ಹಾಕಿದಳು. ಹೇಮಲತಾಳ ಸರದಿ ಬಂದಾಗ ಅವಳ ಬಲಗೈ ಮುಷ್ಟಿ ಕಟ್ಟಿಯೇ ಇತ್ತು.

"ಬಲಗೈಲಿ ಹಾಕವ್ವ," ಎಂದರು ಸಾವಿತ್ರಮ್ಮ, ಮೆಲ್ಲಗೆ.

ಅವಳು ಮುಷ್ಟಿ ಬಿಚ್ಚಲಿಲ್ಲ. ಎಲ್ಲರೂ ನೋಡುತ್ತಿದ್ದಂತೆ ಬಗ್ಗಿ, ಎಡಗೈ ತುಂಬ ಮಣ್ಣು ಬಾಚಿ ಅತ್ತೆಯ ಮೇಲೆ ಹಾಕಿದಳು.