ಗುಡ್‌ವೈಫ್ ಸ್ಟಿಕ್ನಿ ಹೇಳದ ಹೆಸರು

ಮಾರ್ಶ್‌ಬರಿಯ ಹೆಂಗಸರಲ್ಲಿ ವರ್ನಾ ಸ್ಟಿಕ್ನಿಯ ಕೈಗೆ ತಲೆ ಕೊಡದವರು ಕಡಿಮೆ. ಪಾದ್ರಿಯ ಹೆಂಡತಿಯಿಂದ ಹಿಡಿದು ಮೀನಿನ ಕಾರ್ಖಾನೆಯ ಹುಡುಗಿಯರವರೆಗೆ ಎಲ್ಲರೂ ಅವಳ ಪಾರ್ಲರಿನ ಕುರ್ಚಿಯಲ್ಲಿ ಕೂತು ಊರ ಸುದ್ದಿಯನ್ನೆಲ್ಲ ಕಕ್ಕಿ ಹೋದವರೇ. ಆದರೂ ಸ್ಟಿಕ್ನಿ ಮನೆತನದ ಬೆನ್ನ ಹಿಂದೆ ಒಂದು ಮಾತು ಬಿಡದೆ ಬರುತ್ತಿತ್ತು: ಮಾಟಗಾತಿಯ ಸಂತಾನ. ಮುನ್ನೂರು ಚಿಲ್ಲರೆ ವರ್ಷಗಳ ಹಿಂದೆ, ಕಟ್ಟಾ ಕ್ರೈಸ್ತರಾದ ಪ್ಯೂರಿಟನ್ನರ ಕಾಲದಲ್ಲಿ, ಇದೇ ಊರಿನವರು ಗುಡ್‌ವೈಫ್ ಸ್ಟಿಕ್ನಿಯನ್ನು ಗಲ್ಲಿಗೇರಿಸಿದ್ದರು. ಪಾದ್ರಿಯ ಹಸುವಿನ ಹಾಲು ಬತ್ತಿಸಿದಳು ಅನ್ನುವುದು ಅವಳ ಮೇಲಿದ್ದ ಆರೋಪ. ಹಸು ಅಷ್ಟರಲ್ಲಿ ಮುದಿಯಾಗಿತ್ತೋ ಏನೋ, ಅದನ್ನು ಯಾರೂ ಕೇಳಲಿಲ್ಲ.

ಊರ ನಡುವಿನ ಹುಲ್ಲುಹಾಸಿನ ಮೇಲೆ ಊರು ಕಟ್ಟಿದವರ ಹೆಸರು ಕೆತ್ತಿದ ಒಂದು ಕಲ್ಲು ಇದೆ. ಗುಡ್‌ವೈಫ್ ಸ್ಟಿಕ್ನಿಯ ಗಂಡನ ಹೆಸರು ಅದರಲ್ಲಿದೆ, ಅವಳದಿಲ್ಲ. ಆ ಕಲ್ಲಿನ ಮುಂದೆ ಹಾಯುವಾಗಲೆಲ್ಲ ತನ್ನ ಅಪ್ಪ ತಲೆ ತಗ್ಗಿಸಿ ನಡೆಯುತ್ತಿದ್ದದ್ದನ್ನು ವರ್ನಾ ಮರೆತಿರಲಿಲ್ಲ. ಎಪ್ಪತ್ತು ದಾಟಿದ ಮೇಲೆ ಅವಳಿಗೆ ಇದ್ದದ್ದು ಒಂದೇ ಆಸೆ, ಆ ಹೆಂಗಸಿನ ಹೆಸರು ಆ ಕಲ್ಲಿನ ಮೇಲೆ ಬರಬೇಕು. ವಸಂತದ ಊರ ಸಭೆಯಲ್ಲಿ ಕೈಯೆತ್ತಿ ತೀರ್ಮಾನಿಸಲಿ ಎಂದು ಅರ್ಜಿ ಕೊಟ್ಟೂ ಬಂದಳು.

ತಂಗಿ ಆರ್ಲೀನ್ ಹೌಹಾರಿದಳು. "ಅಕ್ಕಾ, ಊರೇ ಮರೀತಾ ಇರೋದನ್ನ ನೀನೇ ಮೈಕ್ ಹಿಡ್ಕೊಂಡು ನೆನಪು ಮಾಡ್ತೀಯಲ್ಲ, ನಿಂಗೇನು ತಲೆ ಕೆಟ್ಟಿದ್ಯಾ?"

"ಎಲ್ಲಿ ಮರೆತಿದೆ? ಪ್ರತಿ ಅಕ್ಟೋಬರ್‌ಗೂ ದೆವ್ವದ ಹಬ್ಬ ಬಂದ್ರೆ ಮಾಟಗಾತಿ ಹಾರೋಕೆ ಅಂತ ನಮ್ಮನೆ ಬಾಗಿಲಿಗೇ ಪೊರಕೆ ಒರಗಿಸಿ ಹೋಗ್ತಾರಲ್ಲ, ಅವರೇನು ದೆವ್ವಗಳಾ?"

ಸಭೆಯ ಭಯಕ್ಕಿಂತ ದೊಡ್ಡದು ಹಾರ್ಲನ್ ಪೀಸ್ಲಿಯ ಭಯ. ಸೇಬಿನ ತೋಟದ ಹಾರ್ಲನ್ ವರ್ನಾ ಜೊತೆ ಶಾಲೆ ಕಲಿತವನು. ಅವನು ಎದ್ದು ಬೇಡ ಅಂದರೆ ಅರ್ಧ ಸಭೆ ಬೇಡ ಅನ್ನುತ್ತಿತ್ತು. ಕಾಫಿ ಅಂಗಡಿಯಲ್ಲಿ ನಾಲ್ಕು ಜನರ ಮುಂದೆಯೇ ಅವಳನ್ನು ಕೆಣಕಿದ.

"ಏನಮ್ಮಾ ವರ್ನಾ, ಹಿರಿಯರ ಕಲ್ಲಿನ ಮೇಲೆ ಮಾಟಗಾತೀನಾ? ನಾಳೆ ಕುದುರೆ ಕಳ್ಳರನ್ನೂ ಸೇರಿಸೋಣ್ವಾ?"

"ಬೇಡ ಬಿಡು ಹಾರ್ಲನ್. ನಿಮ್ಮೋರು ಆಗ್ಲೇ ಅದರ ಮೇಲಿದಾರೆ."

ಅಂಗಡಿಯವರೆಲ್ಲ ನಕ್ಕರು. ಆದರೆ ನಗು ಬೇರೆ, ವೋಟು ಬೇರೆ ಅನ್ನುವುದು ವರ್ನಾಗೆ ಗೊತ್ತಿತ್ತು. ಅಷ್ಟೇ ಅಲ್ಲ, ಕಲ್ಲಿನ ಮೇಲೆ ಏನೆಂದು ಕೆತ್ತಿಸುವುದು? ಆ ಕಾಲದಲ್ಲಿ ಮದುವೆಯಾದ ಹೆಂಗಸನ್ನು ಗುಡ್‌ವೈಫ್ ಎಂದು ಗಂಡನ ಮನೆತನದ ಹೆಸರಿನಿಂದಲೇ ಕರೆಯುವುದು. ತಾಯಿತಂದೆ ಇಟ್ಟ ಹೆಸರು ಬಳಸದೆ ಬಳಸದೆ ಮಾಸಿಹೋಗಿತ್ತು. ಸ್ಟಿಕ್ನಿಗಳಂತೂ ನಾಚಿಕೆಯಿಂದ ಅದನ್ನು ಬೇಕೆಂದೇ ಮರೆತಿದ್ದರು.

ಚಳಿಗಾಲವೆಲ್ಲ ವರ್ನಾ ಬಸ್ಸು ಹಿಡಿದು ಬಾಸ್ಟನ್ನಿಗೆ ಅಲೆದಳು. ಹಳೆಯ ನ್ಯಾಯಾಲಯದ ಕಾಗದಗಳ ಆ ಬರಹ ಕೋಳಿ ಕೆದರಿದ ಹಾಗಿತ್ತು. ಅದನ್ನು ಓದಲು ಕಲಿಯುವಷ್ಟರಲ್ಲಿ ಅವಳ ಕನ್ನಡಕದ ನಂಬರು ಬದಲಾಯಿತು. ಕೊನೆಗೆ, ಸಭೆ ಇನ್ನೇನು ಬಂತು ಅನ್ನುವಾಗ, ಅವಳಿಗೆ ಬೇಕಾದ ವಿಚಾರಣೆ ಸಿಕ್ಕಿತು. ಮೊದಲ ಸಾಲಿನಲ್ಲೇ ಇತ್ತು: ಟ್ರೈಫೀನಾ, ಜಾನ್ ಸ್ಟಿಕ್ನಿಯ ಹೆಂಡತಿ.

ವರ್ನಾ ಆ ಹೆಸರನ್ನು ಬೆರಳಿಟ್ಟು ಮತ್ತೆ ಮತ್ತೆ ಓದಿದಳು. ಅವಳಿಗೆ ಗೊತ್ತಿದ್ದ ಟ್ರೈಫೀನಾ ಒಬ್ಬಳೇ, ಹಾರ್ಲನ್ನನ ಸೋದರತ್ತೆ. ಸಾಯುವ ತನಕ ಪ್ರತಿ ಶನಿವಾರ ಆ ಮುದುಕಿಯ ಬೆಳ್ಳಗಿನ ಕೂದಲನ್ನು ಸುರುಳಿ ಮಾಡಿದವಳು ವರ್ನಾ. "ನಮ್ಮನೇಲಿ ಯಾರಾದ್ರೂ ಒಬ್ಬ ಹುಡುಗಿಗೆ ಈ ಹೆಸರು ಇಡ್ಲೇಬೇಕಂತೆ ಕಣೇ. ಯಾಕೆ ಅಂತ ಗೊತ್ತಿಲ್ಲ, ಬಿಡೋಕೂ ಧೈರ್ಯ ಇಲ್ಲ," ಎಂದು ಆಕೆ ನಗುತ್ತಿದ್ದಳು.

ಮುಂದಿನ ಸಾಲುಗಳಲ್ಲಿ ಉತ್ತರವಿತ್ತು. ಆ ನ್ಯಾಯಾಲಯದ ಲೆಕ್ಕವೇ ತಲೆಕೆಳಗು. ಮಾಟ ಮಾಡಿದೆ ಎಂದು ಒಪ್ಪಿ, ಜೊತೆಗಿದ್ದವರ ಹೆಸರು ಹೇಳಿದವರಿಗೆ ಜೀವ ಉಳಿಯುತ್ತಿತ್ತು. ಇಲ್ಲ ಅಂದವರಿಗೆ ಹಗ್ಗ. ನ್ಯಾಯಾಧೀಶ ಕೇಳುತ್ತಾನೆ: ನಿನ್ನ ಜೊತೆ ಇದ್ದವಳು ನೆರೆಮನೆಯ ಗುಡ್‌ವೈಫ್ ಪೀಸ್ಲಿಯಲ್ಲವೇ? ಹೌದು ಅನ್ನು, ಮನೆಗೆ ಹೋಗು. ಟ್ರೈಫೀನಾ ಹೇಳುತ್ತಾಳೆ: ಅವಳು ಬಸುರಿ. ನನ್ನಷ್ಟೇ ನಿರಪರಾಧಿ. ನನ್ನ ಬಾಯಿಂದ ನಿಮಗೆ ಯಾರ ಹೆಸರೂ ಸಿಗುವುದಿಲ್ಲ.

ವರ್ನಾ ಅಲ್ಲೇ ಬಿಕ್ಕಿ ಬಿಕ್ಕಿ ಅತ್ತಳು. ದುಃಖಕ್ಕಲ್ಲ. ಇಂಥವಳ ರಕ್ತ ತನ್ನ ಮೈಯಲ್ಲಿದೆ ಎಂಬ ಹೆಮ್ಮೆಯನ್ನು ಇಷ್ಟು ವರ್ಷ ಯಾರೂ ತನಗೆ ಕೊಡಲಿಲ್ಲವಲ್ಲ ಎಂದು.

ಮರುದಿನ ಆರ್ಲೀನ್‌ಳನ್ನು ಎಳೆದುಕೊಂಡು ಪೀಸ್ಲಿಗಳ ಹಳೆಯ ಸಮಾಧಿಗಳಿಗೆ ಹೋದಳು. ಆ ಕಾಲದ ರೂಢಿಯಂತೆ ರೆಕ್ಕೆಯ ತಲೆಬುರುಡೆ ಕೆತ್ತಿದ ಕಲ್ಲುಗಳ ಪಾಚಿಯನ್ನು ಇಬ್ಬರೂ ಕೆರೆದರು. ಗಲ್ಲಾದ ವರ್ಷದ ಚಳಿಗಾಲದಲ್ಲೇ ಹುಟ್ಟಿದವಳು, ಟ್ರೈಫೀನಾ ಪೀಸ್ಲಿ. ಅವಳ ಆಚೆಗೆ ಇನ್ನೊಬ್ಬಳು ಟ್ರೈಫೀನಾ. ಅದರಾಚೆ ಮತ್ತೊಬ್ಬಳು. ಸ್ವಂತ ಮನೆಯವರು ಬಿಸಾಡಿದ ಹೆಸರನ್ನು ನೆರೆಮನೆಯವರು ತಲೆಮಾರು ತಲೆಮಾರು ಎತ್ತಿ ಆಡಿಸಿದ್ದರು.

"ಸಭೇಲಿ ಎಲ್ಲರ ಮುಂದೆ ಹಾರ್ಲನ್ ಮುಖಕ್ಕೆ ಹಿಡಿ ಇದನ್ನ," ಎಂದಳು ಆರ್ಲೀನ್, ಕಣ್ಣೊರೆಸಿಕೊಳ್ಳುತ್ತ. "ನಮ್ಮಜ್ಜಿ ಬಾಯಿ ಬಿಟ್ಟಿದ್ರೆ ನೀನೇ ಇರ್ತಿರ್ಲಿಲ್ಲ ಕಣೋ ಅನ್ನು."

"ಜೀವ ಹೋದ್ರೂ ಅವಳು ಹೇಳದೇ ಇದ್ದ ಹೆಸರನ್ನ ನಾನು ಒಂದು ವೋಟಿಗೆ ಹೇಳ್ಲಾ? ಆಗಲ್ಲ."

ಸಭೆಯ ದಿನ ಶಾಲೆಯ ಆಟದ ಹಾಲ್ ಜನರಿಂದ ತುಂಬಿತ್ತು. ಚರ್ಚಿನ ಹೆಂಗಸರು ಊಟಕ್ಕೆ ಬೇಯಿಸುತ್ತಿದ್ದ ಬೆಲ್ಲದ ಪಾಕದ ಬೀನ್ಸ್ ಕಾಳಿನ ವಾಸನೆ ಒಳಗೆಲ್ಲ ಹರಡಿತ್ತು. ರಸ್ತೆ, ಚರಂಡಿ ಎಲ್ಲ ಮುಗಿದು ವರ್ನಾಳ ಸರದಿ ಬಂದಾಗ ಎಲ್ಲರಿಗೂ ಹೊಟ್ಟೆ ಹಸಿದಿತ್ತು. ಹಾರ್ಲನ್ ಎದ್ದ.

"ಬದುಕೋಕೆ ದಾರಿ ಇತ್ತಂತಲ್ಲ ಅವಳಿಗೆ? ಒಪ್ಕೊಂಡಿದ್ರೆ ಬಿಡ್ತಿದ್ರು. ಒಪ್ಕೊಳ್ಲಿಲ್ಲ. ಮೊಂಡುತನಕ್ಕೆಲ್ಲ ಕಲ್ಲು ಕೆತ್ತಿಸ್ತಾ ಹೋದ್ರೆ ನನ್ನ ಕತ್ತೆಗೂ ಒಂದು ಬೇಕು."

ನಗು ಎದ್ದಿತು. ವರ್ನಾ ಮೈಕಿನ ಹತ್ತಿರ ಹೋಗಿ ವಿಚಾರಣೆಯ ಮಾತುಗಳನ್ನು ಓದಿದಳು. ನೆರೆಮನೆಯ ಬಸುರಿ ಎಂದು ಓದಿದಳೇ ಹೊರತು ಮನೆತನದ ಹೆಸರು ಹೇಳಲಿಲ್ಲ. ನಗು ಅಡಗಿತು.

"ಯಾರಮ್ಮ ಆ ಬಸುರಿ?" ಹಿಂದಿನಿಂದ ಯಾರೋ ಕೂಗಿದರು.

"ಅದನ್ನ ಹೇಳೋದಿಲ್ಲ. ಆವತ್ತು ನಮ್ಮನೆಯವಳ ಬಾಯಿಂದ ಬರ್ಲಿಲ್ಲ, ಇವತ್ತೂ ಬರಲ್ಲ."

"ಚೆನ್ನಾಗಿದೆ," ಎಂದ ಹಾರ್ಲನ್. "ಅದು ಬೇಡ, ನಿಮ್ಮವಳ ಹೆಸರಾದ್ರೂ ಗೊತ್ತಾ? ಬರೀ ಗುಡ್‌ವೈಫ್ ಅಂತ ಕೆತ್ತಿಸ್ತೀಯಾ?"

ವರ್ನಾ ಅವನನ್ನೇ ನೋಡಿದಳು. ಅವನ ಸೋದರತ್ತೆಯದೇ ಕಣ್ಣು. ಸುಳ್ಳು ಹೇಳುವಂತಿರಲಿಲ್ಲ, ಮುಚ್ಚಿಡುವಂತೆಯೂ ಇರಲಿಲ್ಲ.

"ಟ್ರೈಫೀನಾ," ಎಂದಳು ಮೆಲ್ಲಗೆ. "ಟ್ರೈಫೀನಾ ಸ್ಟಿಕ್ನಿ."

ಪ್ರತಿ ಬೇಸಿಗೆ ಪೀಸ್ಲಿಗಳ ಸಮಾಧಿಗಳ ಹುಲ್ಲು ಕೊಯ್ಯುವವನು ಹಾರ್ಲನ್ನೇ. ಆ ಕಲ್ಲುಗಳ ಮೇಲಿನ ಇಸವಿ ಅವನಿಗೆ ಬಾಯಿಪಾಠ. ಕುರ್ಚಿಯ ಬೆನ್ನನ್ನು ಗಟ್ಟಿಯಾಗಿ ಹಿಡಿದುಕೊಂಡ.

"ಆ ಬಸುರಿ ಯಾರು ಅಂತ ವರ್ನಾ ಹೇಳಲ್ಲ," ಎಂದ. "ನಾನು ಹೇಳ್ತೀನಿ. ಪೀಸ್ಲಿ. ನಮ್ಮನೆಯವಳು. ಹುಟ್ಟಿದ ಮಗೂಗೆ ಅವಳು ಯಾರ ಹೆಸರಿಟ್ಲು ಅಂತ ನನಗೆ ಇವತ್ತು ಗೊತ್ತಾಯ್ತು. ಕೆತ್ತಿಸಿ. ನಮ್ಮೋರ ಹೆಸರಿಗಿಂತ ಮೇಲೆ ಕೆತ್ತಿಸಿ."

ಸಭಾಧ್ಯಕ್ಷ ಒಪ್ಪುವವರು ಕೈಯೆತ್ತಿ ಎಂದ. ಹಾರ್ಲನ್ನನ ಕೈ ಮೊದಲು ಮೇಲಕ್ಕೆ ಹೋಯಿತು. ಅವನ ಹಿಂದೆ ತೋಟದವರು, ಮೀನಿನವರು, ವರ್ನಾ ತಲೆ ತೊಳೆದ ಹೆಂಗಸರೆಲ್ಲ ಎತ್ತಿದರು. ಆ ಕೈಗಳ ಕಾಡನ್ನು ನೋಡುತ್ತ ವರ್ನಾ ಮೈಕಿನ ಮುಂದೆ ಮರದ ಹಾಗೆ ನಿಂತುಬಿಟ್ಟಿದ್ದಳು. ಆರ್ಲೀನ್ ಓಡಿಬಂದು ಅವಳ ಮಣಿಕಟ್ಟು ಹಿಡಿದಳು.

"ಅಕ್ಕಾ, ನಿನ್ನ ವೋಟು ಯಾರು ಹಾಕ್ತಾರೆ?" ಎಂದು ಬೈಯುತ್ತ, ಅಳುತ್ತ, ಅಕ್ಕನ ಕೈಯನ್ನು ತನ್ನ ಕೈಯೊಂದಿಗೆ ಇಡೀ ಊರಿಗೆ ಕಾಣುವಂತೆ ಮೇಲೆತ್ತಿದಳು.